ಜಿಪಿಎಸ್ ಇಲ್ಲದ ಟ್ಯಾಬ್, ಸಿಗ್ನಲ್ ಇಲ್ಲದ ಘಾಟಿ: ಕೊನೆಗೂ ಕೆಲಸ ಮಾಡಿದ ನಮ್ಮ ಜೋಡಣೆ

ಮೊದಲೇ ಹೇಳಿಬಿಡುತ್ತೇನೆ, ಹಳೆಯ ಟ್ಯಾಬಿಗೆ ಹೊರಗಿನ ಜಿಪಿಎಸ್, ಸಣ್ಣ ರೇಡಿಯೋ ಬೋರ್ಡು ಸೇರಿಸಿ ಜೀಪಿಗೆ ಹಾಕಿದ ನಮ್ಮ ಜೋಡಣೆ ಕೆಲಸ ಮಾಡುತ್ತಿದೆ. ಸಕಲೇಶಪುರದಿಂದ ಬಿಸ್ಲೆ ಕಡೆಗಿನ ಎಸ್ಟೇಟ್ ದಾರಿಗಳಲ್ಲಿ, ಮೊಬೈಲ್ ಸಿಗ್ನಲ್ ಒಂದು ಕಡ್ಡಿಯೂ ಇಲ್ಲದ ಜಾಗದಲ್ಲಿ, ನಮ್ಮ ಎರಡು ಜೀಪುಗಳ ನಡುವೆ ಎಷ್ಟು ದೂರ ಇದೆ ಅಂತ ಟ್ಯಾಬ್ ಮೇಲೆ ಕಾಣುತ್ತದೆ. ಒಬ್ಬರಿಗೊಬ್ಬರು ಮೆಸೇಜ್ ಹಾಕುತ್ತೇವೆ. ಅಲ್ಲಿಂದಲೇ ಬೆಂಗಳೂರಿನ ಮನೆಗೂ ಒಂದು ಸಾಲು ತಲುಪುತ್ತದೆ. ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಸ್ಯಾಟಲೈಟ್ ಕಮ್ಯುನಿಕೇಟರ್ ಇಲ್ಲ, ತಿಂಗಳ ಚಂದಾ ಇಲ್ಲ. "ಆ ಕಾಡಲ್ಲಿ ಈ ಆಟಿಕೆ ರೇಡಿಯೋ ಏನ್ ಮಾಡುತ್ತೆ ಗುರು, ಸುಮ್ನೆ ಫೋನ್ ಇಟ್ಕೋ" ಅಂದವರೇ ಈಗ ಪಾರ್ಟ್ಸ್ ಪಟ್ಟಿ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಸೋಲ್ಡರ್ ಹೇಗೆ ಹಿಡಿಯೋದು ಅಂತೆಲ್ಲ ವಿವರಿಸುವುದಿಲ್ಲ, ಇದನ್ನು ಓದುವವರಿಗೆ ಅದು ಗೊತ್ತಿರುತ್ತೆ.

ಸ್ಯಾಟಲೈಟ್ ಸಾಧನ ಯಾಕೆ ಬಿಟ್ಟೆ ಅಂತ ಎಲ್ಲರೂ ಕೇಳುತ್ತಾರೆ. ಅಮೆರಿಕದಲ್ಲಿರುವ ಭಾವ ಗಾರ್ಮಿನ್ ಇನ್‌ರೀಚ್ ಮಿನಿ 2 ತಂದುಕೊಡುತ್ತೇನೆ ಅಂದಿದ್ದರು. ಅಲ್ಲಿ ಆಗ ಅದಕ್ಕೆ ಹತ್ತಿರ ಹತ್ತಿರ 400 ಡಾಲರ್, ಮೇಲೆ ಚಂದಾ ಬೇರೆ. ದುಡ್ಡಿನ ವಿಷಯ ಆಮೇಲೆ. ಅದು ಇರಿಡಿಯಂ ಉಪಗ್ರಹಗಳ ಮೇಲೆ ನಡೆಯುವ ಸಾಧನ, ನಮ್ಮಲ್ಲಿ ಅನುಮತಿ ಇಲ್ಲದೆ ಜೊತೆಗೆ ಇಟ್ಟುಕೊಂಡರೇ ಕೇಸು. ತಿರುಗಾಡಲು ಬಂದ ವಿದೇಶಿಯರನ್ನೇ ಏರ್‌ಪೋರ್ಟಿನಲ್ಲಿ ಹಿಡಿದು ಕೂರಿಸಿದ್ದು ಪೇಪರಿನಲ್ಲಿ ಬಂದಿದೆ. "ಬ್ಯಾಗಿನಲ್ಲಿ ಹಾಕ್ಕೊಂಡು ಬರಬೇಡಿ ಭಾವ, ನಿಮಗೂ ತೊಂದರೆ ನನಗೂ ತೊಂದರೆ" ಅಂದೆ. ಅದೇ ಕೆಲಸ ನೆಲದ ಮೇಲಿನ ರೇಡಿಯೋದಲ್ಲಿ ಎಷ್ಟು ಆಗುತ್ತೆ ನೋಡೋಣ ಅಂತ ಹಟ ಹಿಡಿದದ್ದು ಅಲ್ಲಿಂದಲೇ.

ಟ್ಯಾಬ್ ಮನೆಯಲ್ಲೇ ಇತ್ತು. ಲಾಕ್‌ಡೌನ್ ಕಾಲದಲ್ಲಿ ಮಗಳ ಕ್ಲಾಸಿಗೆ ತಂದ 10 ಇಂಚಿನ ಆಂಡ್ರಾಯ್ಡ್, ವೈಫೈ ಮಾತ್ರ, ಒಳಗೆ ಜಿಪಿಎಸ್ ಚಿಪ್ಪೇ ಇಲ್ಲ. ಆದರೆ ಆ ಪರದೆಯ ಅಗಲ ಫೋನಿನಲ್ಲಿ ಎಲ್ಲಿ ಬರುತ್ತೆ? ಎಡಗಡೆ ನಕ್ಷೆ, ಬಲಗಡೆ ಮೆಸೇಜು, ಎರಡೂ ಒಟ್ಟಿಗೆ ತೆರೆದಿಡಬಹುದು, ಪಕ್ಕದ ಸೀಟಿನವರು ಕನ್ನಡಕ ಹುಡುಕದೆ ಓದಬಹುದು. ಹಾಗಾಗಿ ಹೊರಗಿನಿಂದ ಜಿಪಿಎಸ್ ಕೊಡೋದೇ ಸರಿ ಅಂತ ತೀರ್ಮಾನ ಮಾಡಿದೆ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿನಲ್ಲಿ 700 ರೂಪಾಯಿಗೆ ನಿಯೋ ಎಂ8ಎನ್ ಅಂತ ಬರೆದಿದ್ದ ಜಿಪಿಎಸ್ ಮಾಡ್ಯೂಲ್ ಸಿಕ್ಕಿತು, ಜೊತೆಗೆ ಅದರ ಮಾತು ಟ್ಯಾಬಿಗೆ ಕಳಿಸಲು 300ಕ್ಕೆ ಎಚ್‌ಸಿ-05 ಬ್ಲೂಟೂತ್. ಟೇಬಲ್ ಮೇಲೆ ಚೆನ್ನಾಗಿ ನಡೆಯಿತು. ಜೀಪಿಗೆ ಹಾಕಿದರೆ ನಕ್ಷೆಯಲ್ಲಿ ನಮ್ಮ ಜಾಗ ತೋರಿಸುವ ಬಾಣ ಹಿಂದೆ ಬೀಳತೊಡಗಿತು. ಹೊರಟಾಗ ಸರಿಯಾಗಿರುತ್ತೆ, ಅರ್ಧ ಗಂಟೆಗೆ ಐದಾರು ಸೆಕೆಂಡ್ ಹಿಂದೆ, ಆಮೇಲೆ ಇನ್ನೂ ಹಿಂದೆ. ಘಾಟಿಯಲ್ಲಿ ನಾವು ತಿರುವು ಮುಗಿಸಿ ಮೇಲೆ ಬಂದಿರುತ್ತೇವೆ, ಬಾಣ ಇನ್ನೂ ಕೆಳಗಿನ ತಿರುವಿನಲ್ಲಿ ಇರುತ್ತೆ. ಕಾರಣ ಸರಳ: ಸೆಕೆಂಡಿಗೆ 5 ಸಲ ಸ್ಥಾನ ಕೇಳಿದರೆ, ಜೊತೆಗೆ ಉಪಗ್ರಹಗಳ ಪಟ್ಟಿಯ ಸಾಲುಗಳೂ ಬಂದರೆ, 9600 ಬಾಡ್‌ನಲ್ಲಿ (ಎರಡು ಮಾಡ್ಯೂಲಿನ ನಡುವೆ ಮಾಹಿತಿ ಹರಿಯುವ ವೇಗ) ಅಷ್ಟು ಹಿಡಿಯುವುದಿಲ್ಲ. ಬೇಡದ ಸಾಲುಗಳನ್ನು ನಿಲ್ಲಿಸಿ ವೇಗ 38400ಕ್ಕೆ ಏರಿಸಿ ಸೇವ್ ಮಾಡಿದೆ. ಮಾರನೇ ದಿನ ಆನ್ ಮಾಡಿದರೆ ಎಲ್ಲ ಹೋಗಿ ಮತ್ತೆ 9600. ಅಸಲಿ ಎಂ8ಎನ್‌ನಲ್ಲಿ ಫ್ಲ್ಯಾಶ್ ಮೆಮೊರಿ ಇರುತ್ತೆ, ಸೇವ್ ಮಾಡಿದ್ದು ಉಳಿಯುತ್ತೆ. ಇದು ಮೇಲೆ ಹೆಸರು ಕೊರೆದ ನಕಲಿ. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಬೇರೆ ಕಡೆಯಿಂದ 1,300ರ ಹತ್ತಿರ ಕೊಟ್ಟು ಅಸಲಿ ತರಿಸಿದೆ. ಎಚ್‌ಸಿ-05 ತೆಗೆದು ಹಳೆಯ ಸಾದಾ ಇಎಸ್‌ಪಿ32 (ಬ್ಲೂಟೂತ್, ವೈಫೈ ಇರುವ ಪುಟ್ಟ ಕಂಪ್ಯೂಟರ್ ಬೋರ್ಡ್) ಹಾಕಿದೆ, ಆನ್ ಆದ ಕೂಡಲೇ ಅದು ತಾನಾಗಿ ಜಿಪಿಎಸ್‌ಗೆ ಎಲ್ಲ ಸೆಟ್ಟಿಂಗ್ ಮತ್ತೊಮ್ಮೆ ಹೇಳುತ್ತೆ. ಒಂದು ಎಚ್ಚರಿಕೆ, ಎಸ್3 ಅಂತ ಬರುವ ಹೊಸ ಇಎಸ್‌ಪಿ32 ತರಬೇಡಿ. ಅದರಲ್ಲಿ ಬ್ಲೂಟೂತ್ ಲೋ ಎನರ್ಜಿ ಮಾತ್ರ ಇರೋದು, ಇಲ್ಲಿ ಬೇಕಾದ ಹಳೆಯ ಸೀರಿಯಲ್ ಬ್ಲೂಟೂತ್ ಬರಲ್ಲ.

ಟ್ಯಾಬ್ ಒಳಗೆ ಮಾಕ್ ಲೊಕೇಶನ್ (ಹೊರಗಿಂದ ಬಂದ ಸ್ಥಾನವನ್ನೇ ಟ್ಯಾಬಿನ ಸ್ಥಾನ ಅಂತ ತೋರಿಸುವ ಸೆಟ್ಟಿಂಗ್) ಮೂಲಕ ಸ್ಥಾನ ಕೊಡುವ ಆ್ಯಪ್ ಸಾಕಷ್ಟಿವೆ, ಯಾವುದಾದರೂ ನಡೆಯುತ್ತೆ. ಆ ಆ್ಯಪಿಗೆ ಬ್ಯಾಟರಿ ನಿರ್ಬಂಧ ತೆಗೆಯದಿದ್ದರೆ ಮಾತ್ರ ಆಂಡ್ರಾಯ್ಡ್ ಅದನ್ನು ಹಿಂದಿನಿಂದ ಸದ್ದಿಲ್ಲದೆ ಸಾಯಿಸುತ್ತೆ. ಬಾಣ ನಿಂತ ಜಾಗದಲ್ಲೇ ನಿಲ್ಲುತ್ತೆ, ಎರರ್ ಕೂಡ ಬರಲ್ಲ. ಕಾಡಿನಲ್ಲಿ ಇದಕ್ಕಿಂತ ಅಪಾಯದ ದೋಷ ಇನ್ನೊಂದಿಲ್ಲ.

ಎತ್ತರದ ವಿಷಯ ಬಿಡುವಂತಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 920 ಮೀಟರ್ ಆಸುಪಾಸು, ಟ್ಯಾಬ್ 835 ತೋರಿಸುತ್ತಿತ್ತು. ಮಾಡ್ಯೂಲೇ ಕೆಟ್ಟಿದೆ ಅಂದರು ಗೆಳೆಯರು. ಕೆಟ್ಟಿಲ್ಲ. ಆಂಡ್ರಾಯ್ಡ್ ಕೊಡೋದು ಭೂಮಿಯ ಆಕಾರ ಅಂತ ಲೆಕ್ಕಕ್ಕೆ ಹಿಡಿದ ನುಣುಪು ದೀರ್ಘಗೋಳದಿಂದ ಎತ್ತರ, ನಿಜವಾದ ಸಮುದ್ರಮಟ್ಟದಿಂದ ಅಲ್ಲ. ನಮ್ಮ ಕಡೆ ಇವೆರಡರ ನಡುವೆ 85-90 ಮೀಟರ್ ಅಂತರ ಇದೆ, ಭೂಮಿಯಲ್ಲೇ ಅತಿ ದೊಡ್ಡ ಅಂತರ ಇರುವುದು ನಮ್ಮ ಕೆಳಗಿನ ಹಿಂದೂ ಮಹಾಸಾಗರದಲ್ಲಿ. ನಾವು ಬಳಸುವ ಓಸ್ಮ್‌ಆ್ಯಂಡ್ ಅನ್ನೋ ನಕ್ಷೆ ಆ್ಯಪಿನಲ್ಲಿ ಎತ್ತರ ಸರಿಪಡಿಸುವ ಫೈಲ್ ಒಂದಿದೆ, ಇಳಿಸಿಕೊಂಡರೆ ಮುಗೀತು. ಮುಳ್ಳಯ್ಯನಗಿರಿಯ ತುದಿಯಲ್ಲಿ ಈಗ 1,930ರ ಆಚೀಚೆ ಐದಾರು ಮೀಟರಿಗೆ ಬರುತ್ತೆ.

ಗಗನ್ ಆನ್ ಮಾಡಿಕೊಳ್ಳಿ, ದಯವಿಟ್ಟು. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ವಿಮಾನಗಳಿಗಾಗಿ ಮಾಡಿದ, ಜಿಪಿಎಸ್ ಸ್ಥಾನದ ತಪ್ಪು ತಿದ್ದುವ ಸಿಗ್ನಲ್ ಅದು, ಮುಖ್ಯ ನಿಯಂತ್ರಣ ಕೇಂದ್ರ ನಮ್ಮ ಬೆಂಗಳೂರಿನ ಕುಂದಲಹಳ್ಳಿಯಲ್ಲೇ ಇದೆ. ಅದನ್ನು ಹೊತ್ತಿರುವ ಉಪಗ್ರಹಗಳಲ್ಲಿ ಒಂದಾದ ಜಿಸ್ಯಾಟ್-10 ಇರೋದು 83 ಡಿಗ್ರಿ ಪೂರ್ವದಲ್ಲಿ, ಅಂದರೆ ಮಲೆನಾಡಿನಿಂದ ನೋಡಿದರೆ ಹೆಚ್ಚುಕಮ್ಮಿ ನೆತ್ತಿಯ ಮೇಲೆ. ಆಳವಾದ ಕಣಿವೆಯಲ್ಲೂ ಗುಡ್ಡ ಅದನ್ನು ಮುಚ್ಚುವುದಿಲ್ಲ. ಮರದಡಿ ಹತ್ತು ಹನ್ನೆರಡು ಮೀಟರ್ ಅಲೆಯುತ್ತಿದ್ದ ಬಾಣ ಮೂರು ನಾಲ್ಕಕ್ಕೆ ಇಳಿಯಿತು. ಕಾಫಿ ತೋಟದ ಎರಡು ದಾರಿಗಳ ನಡುವೆ ಇರೋದೇ ಅಷ್ಟು ಅಂತರ.

ಇಷ್ಟಾದರೂ ಒಂದು ಜೀಪಿನಲ್ಲಿ ಹದಿನೇಳು ಉಪಗ್ರಹ ಕಾಣುತ್ತಿತ್ತು, ಇನ್ನೊಂದರಲ್ಲಿ ಆರು. ಮಾಡ್ಯೂಲ್ ಅದಲು ಬದಲು ಮಾಡಿದರೂ ಅದೇ ಕಥೆ. ಒಂದು ಸಂಜೆ ನೈಸ್ ರೋಡ್ ಪಕ್ಕ ನಿಲ್ಲಿಸಿ ಒಂದೊಂದೇ ವೈರ್ ಕೀಳುತ್ತಾ ಹೋದೆವು. ಡ್ಯಾಶ್‌ಕ್ಯಾಮ್ ಚಾರ್ಜರ್ ಕಿತ್ತ ತಕ್ಷಣ ಆರಿದ್ದದ್ದು ಹದಿನಾರಾಯಿತು. ಮತ್ತೆ ಸಿಕ್ಕಿಸಿದೆವು, ಪರದೆಯ ಮೇಲೆ ಉಪಗ್ರಹಗಳ ಸಿಗ್ನಲ್ ತೋರಿಸುವ ಹಸಿರು ಕಂಬಗಳು ನಮ್ಮ ಕಣ್ಣೆದುರೇ ಒಂದೊಂದಾಗಿ ಕುಸಿದವು. ಅಗ್ಗದ ಚಾರ್ಜರ್ ಹೊರಡಿಸುವ ರೇಡಿಯೋ ಗಲೀಜು ಜಿಪಿಎಸ್ ಅನ್ನು ಮುಳುಗಿಸುತ್ತಿತ್ತು. ಈಗ ಜಿಪಿಎಸ್ ಡಬ್ಬಿ ಗಾಜಿನ ಒಳಗಿಲ್ಲ, ಟಾಪ್ ಮೇಲಿದೆ, ತನ್ನದೇ 18650 ರೀಚಾರ್ಜ್ ಸೆಲ್ಲಿನಲ್ಲಿ ನಡೆಯುತ್ತೆ. ಅದರ ಅಡಿಯಲ್ಲಿ ಒಂದು ತಗಡು ಇದೆ. ಅದರ ಅಳತೆ ನಾನು ಹೇಳಲ್ಲ, ಎರಡು ಭಾನುವಾರ ಕತ್ತರಿ ಹಿಡಿದು ಕಂಡುಕೊಂಡದ್ದು.

ಇನ್ನು ಮೆಸೇಜ್ ಕಡೆ. ಮೆಶ್‌ಟಾಸ್ಟಿಕ್ (ಒಂದರಿಂದ ಇನ್ನೊಂದಕ್ಕೆ ಮೆಸೇಜ್ ದಾಟಿಸುವ ಉಚಿತ ತಂತ್ರಾಂಶ) ಹಾಕಿದ ಲೋರಾ ಬೋರ್ಡ್, ಅಂದರೆ ಕಡಿಮೆ ಕರೆಂಟಿನಲ್ಲಿ ದೂರ ಹೋಗುವ ಪುಟ್ಟ ರೇಡಿಯೋ, ಮೂರು, ಒಂದೊಂದಕ್ಕೆ 3,000ದ ಆಸುಪಾಸು. ನಮ್ಮಲ್ಲಿ ಲೈಸೆನ್ಸ್ ಬೇಡದ ಬ್ಯಾಂಡ್ 865 ಮೆಗಾಹರ್ಟ್ಸ್‌ನಿಂದ ಶುರು, ಹಾಗಾಗಿ 868 ಅಂತ ಬರೆದ ಬೋರ್ಡೇ ತಗೊಳ್ಳಿ, ರೀಜನ್ ಇಂಡಿಯಾ ಅಂತ ಇಡಿ, 433 ಅಗ್ಗ ಅಂತ ತರಬೇಡಿ. ಜೊತೆಗೆ ಬಂದ ಆ್ಯಂಟೆನಾಗಳನ್ನು ಹವ್ಯಾಸಿ ರೇಡಿಯೋ (ಹ್ಯಾಮ್) ಗೆಳೆಯನ ನ್ಯಾನೋವಿಎನ್‌ಎ ಅನ್ನೋ ಆ್ಯಂಟೆನಾ ಅಳೆಯುವ ಯಂತ್ರದ ಮೇಲೆ ಇಟ್ಟು ನೋಡಿದರೆ, 868 ಅಂತ ಸ್ಟಿಕ್ಕರ್ ಇದ್ದರೂ ಅವು 915ಕ್ಕೆ ಮಾಡಿದವು. ಬೇರೆ ತರಿಸಿದೆ, ಅವುಗಳಲ್ಲೂ ಎರಡು ಹಾಳು. ಆ್ಯಂಟೆನಾ ಮೇಲೇ ಸಾವಿರದಿನ್ನೂರು ಸುಮ್ಮನೆ ಹೋಯಿತು. ಅಳೆಯದೆ ಯಾವ ಆ್ಯಂಟೆನಾವನ್ನೂ ನಂಬಬೇಡಿ.

ನಂದಿ ಬೆಟ್ಟದಿಂದ ಸ್ಕಂದಗಿರಿಗೆ ಐದು ಕಿ.ಮೀ ಚಿಲ್ಲರೆ, ನೇರ ನೋಟ, ಅಲ್ಲಿ ಮೆಸೇಜ್ ಸಲೀಸಾಗಿ ಹೋಯಿತು. ಅದನ್ನು ನೋಡಿ ಎಲ್ಲರೂ ಹಿಗ್ಗಿದರು. ಸಕಲೇಶಪುರದ ತೋಟದಲ್ಲಿ ಅದೇ ಬೋರ್ಡು, ಅದೇ ಆ್ಯಂಟೆನಾ, ಮಳೆ ನಿಂತ ಮೇಲೆ ಎಲೆಯೆಲ್ಲ ನೆನೆದಿರುವಾಗ 600-700 ಮೀಟರ್ ದಾಟಲಿಲ್ಲ. "ನಾನು ಹೇಳಲಿಲ್ವಾ" ಅಂತ ಗೆಳೆಯರದ್ದು ಶುರುವಾಯಿತು. ಬ್ಯಾಂಡ್‌ವಿಡ್ತ್ (ಸಿಗ್ನಲ್ ಹಿಡಿಯುವ ಅಗಲ) 250ರಿಂದ 125 ಕಿಲೋಹರ್ಟ್ಸ್‌ಗೆ ಇಳಿಸಿದೆ, ಮೆಸೇಜ್ ಹೋಗಲು ಎರಡು ಮೂರು ಸೆಕೆಂಡ್ ಜಾಸ್ತಿ ಹಿಡಿಯುತ್ತೆ, ಆದರೆ ಒಂದು ಕಿ.ಮೀ ಮುಟ್ಟಿತು. ಅಷ್ಟಕ್ಕೆ ಸಮಾಧಾನ ಇರಲಿಲ್ಲ.

ನಿಜವಾದ ಬದಲಾವಣೆ ಆದದ್ದು ಮೂರನೇ ಬೋರ್ಡಿನಿಂದ. ನಾವು ಓಡಾಡುವ ದಾರಿಗಳು ಇರುವ ತೋಟದ ಗೌಡರ ಮನೆ ಗುಡ್ಡದ ನೆತ್ತಿಯಲ್ಲಿದೆ. "ಅಣ್ಣ, ಹೆಂಚಿನ ಮೇಲೆ ಒಂದು ಡಬ್ಬಿ ಇಡ್ಲಾ?" ಅಂದೆ. "ಸಿಡಿಲು ಎಳೆಯಲ್ಲ ಅಂದ್ರೆ ಇಡಿ" ಅಂದರು. ಮಿಂಚಿನ ಕಾಲದಲ್ಲಿ ಕೆಳಗಿಳಿಸುತ್ತೇವೆ ಅಂತ ಒಪ್ಪಂದ. ಅದು ಏರಿದ ದಿನವೇ ಕಣಿವೆಯಲ್ಲಿ ನಾಲ್ಕೈದು ಕಿ.ಮೀ ಸಿಗತೊಡಗಿತು, ಯಾಕೆಂದರೆ ಎರಡೂ ಜೀಪಿನ ಮಾತು ಈಗ ಮೇಲೆ ಹೋಗಿ ಕೆಳಗೆ ಬರುತ್ತೆ. ಗೌಡರ ಮನೆಗೆ ಫೈಬರ್ ಇದೆ. ಡಬ್ಬಿಯನ್ನು ಅವರ ವೈಫೈಗೆ ಸೇರಿಸಿ, ಎಂಕ್ಯೂಟಿಟಿ (ಇಂಟರ್ನೆಟ್ಟಿನಲ್ಲಿ ಸಣ್ಣ ಮೆಸೇಜ್ ಸಾಗಿಸುವ ವಿಧಾನ) ಮೂಲಕ ಬೆಂಗಳೂರಿನ ಮನೆಯ ಪುಟ್ಟ ಕಂಪ್ಯೂಟರ್ ರಾಸ್ಬೆರಿ ಪೈಗೆ, ಅಲ್ಲಿಂದ ಟೆಲಿಗ್ರಾಂಗೆ. ವೈಫೈ ಆನ್ ಮಾಡಿದರೆ ಇಎಸ್‌ಪಿ32 ಬೋರ್ಡಿನಲ್ಲಿ ಬ್ಲೂಟೂತ್ ಆಫ್ ಆಗುತ್ತೆ ಅನ್ನೋದು ನೆನಪಿರಲಿ, ಹೆಂಚಿಗೆ ಏರಿಸುವ ಮೊದಲೇ ಎಲ್ಲ ಸೆಟ್ ಮಾಡಿ. ಪೈ ಒಳಗೆ ಏನಿದೆ, ಬೇರೆಯವರ ಮೆಸೇಜ್ ಹೇಗೆ ಸೋಸುತ್ತೇನೆ ಅನ್ನೋದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ.

ಕನ್ನಡದಲ್ಲಿ ಮೆಸೇಜ್ ಹಾಕುವವರಿಗೆ ಒಂದು ಮಾತು. ಒಂದು ಮೆಸೇಜಿಗೆ ಸುಮಾರು 200 ಬೈಟ್ ಜಾಗ, ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್. ಕೊಂಬು, ದೀರ್ಘ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. 65 ಚಿಹ್ನೆಗೆ ಮುಗೀತು. ಅದಕ್ಕೆ ಸಿದ್ಧ ಮೆಸೇಜುಗಳನ್ನು ಗಿಡ್ಡದಾಗಿ ಬರೆದಿಟ್ಟಿದ್ದೇವೆ: "ನಿಲ್ಲು", "ಎಡಕ್ಕೆ", "ಸಿಕ್ಕಿಕೊಂಡೆ", "ಎಲ್ಲ ಸರಿ". ಕೈ ನಡುಗುತ್ತಿರುವಾಗ ಒಂದೇ ಒತ್ತು ಸಾಕು.

ಇದರ ಬೆಲೆ ಗೊತ್ತಾದದ್ದು ಮಂಜಿನ ಒಂದು ಬೆಳಗ್ಗೆ. ಮುಂದಿನ ಬಾನೆಟ್ ತುದಿಯೇ ಕಾಣುತ್ತಿರಲಿಲ್ಲ. ಹಿಂದಿನ ಜೀಪು ಕವಲಿನಲ್ಲಿ ಬಲಕ್ಕೆ ಇಳಿದಿದೆ, ನಮಗೆ ಗೊತ್ತಿಲ್ಲ. ಬಲಗಡೆ ಪಟ್ಟಿಯಲ್ಲಿ ಅವರ ದೂರ 180 ಮೀಟರ್ ಇದ್ದದ್ದು 310, ಆಮೇಲೆ 520. ನಾನು ಜೀಪು ನಿಲ್ಲಿಸಿದೆ, ಅಂಕಿ ಆದರೂ ಏರುತ್ತಲೇ ಇತ್ತು. ಎಡಗಡೆ ನಕ್ಷೆಯಲ್ಲಿ, ಉಪಗ್ರಹ ಚಿತ್ರ ನೋಡಿ ಮನೆಯಲ್ಲೇ ಗೀಚಿಕೊಂಡಿದ್ದ ಆ ಬಲಗಡೆ ದಾರಿಯ ಕೆಂಪು ಗೆರೆ ಹೊಳೆಯ ಹತ್ತಿರ ನಿಂತುಬಿಡುತ್ತೆ. ಮುಂದೆ ದಾರಿ ಇಲ್ಲ, ಜಾರಿದರೆ ಟ್ರ್ಯಾಕ್ಟರೇ ಬೇಕು. "ನಿಲ್ಲು" ಒತ್ತಿದೆ. ತಲುಪಿದ ಗುರುತು ಬಂತು. ಒಂದು ನಿಮಿಷಕ್ಕೆ ಅಂಕಿ 540ರಲ್ಲಿ ನಿಂತಿತು, ಆಮೇಲೆ ಇಳಿಯಿತು. ಆ ಜೀಪಿನಲ್ಲಿ ಇದ್ದದ್ದು ನಮ್ಮಲ್ಲೇ ಜಾಸ್ತಿ ಅನುಮಾನ ಪಟ್ಟ ಗೆಳೆಯ. ಮೇಲೆ ಬಂದು ಮೊದಲು ಕೇಳಿದ್ದು, "ಮಗಾ, ಈ ಬೋರ್ಡ್ ಎಲ್ಲಿ ಸಿಗುತ್ತೆ?" ಅದೇ ಹೊತ್ತಿಗೆ ಮನೆಯಿಂದ ಟ್ಯಾಬಿಗೆ ಬಂದದ್ದು, "ತಿಂಡಿ ಆಯ್ತಾ".

ನಕ್ಷೆಗೆ ಸರ್ವೆ ಆಫ್ ಇಂಡಿಯಾದ 1:50,000 ಹಾಳೆಗಳನ್ನು ಇಳಿಸಿ, ಕ್ಯೂಜಿಐಎಸ್ ಅನ್ನೋ ನಕ್ಷೆ ತಂತ್ರಾಂಶದಲ್ಲಿ ತುಂಡು ಮಾಡಿ ಓಸ್ಮ್‌ಆ್ಯಂಡ್ ಅಡಿಯಲ್ಲಿ ಹಾಕಿದ್ದೇನೆ. 2017ರಿಂದ ಅವು ಉಚಿತ. ಹಳ್ಳ, ಇಳಿಜಾರಿನ ಗೆರೆಗಳು ಅವುಗಳಲ್ಲಿ ಇರುವಷ್ಟು ಚೆನ್ನಾಗಿ ಬೇರೆಲ್ಲೂ ಇಲ್ಲ.

ಒಂದೇ ಡಬ್ಬಿಯಲ್ಲಿ ಜಿಪಿಎಸ್, ಲೋರಾ ಎರಡೂ ಮಾಡಿ ಟ್ಯಾಬಿಗೆ ಕೊಡೋಣ ಅಂತಲೂ ನೋಡಿದೆ. ಬಿಸಿಲಿಗೆ ಹಾಸನ ದಾಟುವಷ್ಟರಲ್ಲಿ ಡಬ್ಬಿ ಕಾದು ಸೆಲ್ ಚಾರ್ಜ್ ಆಗೋದೇ ನಿಲ್ಲಿಸುತ್ತಿತ್ತು, ಬಿಟ್ಟುಬಿಟ್ಟೆ. ಎರಡು ಡಬ್ಬಿಯೇ ಇರಲಿ, ಒಂದು ಹೋದರೆ ಇನ್ನೊಂದು ಉಳಿಯುತ್ತೆ.

ಒಟ್ಟು ಖರ್ಚು, ಟ್ಯಾಬ್ ಬಿಟ್ಟು, 16-17 ಸಾವಿರ. ಅದರಲ್ಲಿ ಮೂರು ಸಾವಿರದಷ್ಟು ನಕಲಿ ಮಾಡ್ಯೂಲು, ಹಾಳು ಆ್ಯಂಟೆನಾಗಳಿಗೆ ಹೋದದ್ದು. ನೀವು ಮಾಡಿದರೆ ಅಷ್ಟು ಉಳಿಯುತ್ತೆ. ಇದು ಸ್ಯಾಟಲೈಟ್ ಸಾಧನದ ಎಸ್‌ಒಎಸ್‌ಗೆ (ತುರ್ತು ಕರೆ) ಸಮ ಅಲ್ಲ, ಎತ್ತರದ ಡಬ್ಬಿ ಕಾಣದ ಕಣಿವೆಯಲ್ಲಿ ಮನೆಗೆ ಮೆಸೇಜ್ ಹೋಗಲ್ಲ, ಗೌಡರ ಮನೆಯ ಕರೆಂಟ್ ಹೋದರೂ ಹೋಗಲ್ಲ. ಕಣಿವೆಯ ತೊಂದರೆಗೆ ಅಂತ ಎನ್‌ಆರ್‌ಎಫ್52 ಚಿಪ್ಪಿನ ಲೋರಾ ಬೋರ್ಡ್ ಒಂದು ತರಿಸಿದ್ದೇನೆ, ಇಎಸ್‌ಪಿ32ಗಿಂತ ಎಷ್ಟೋ ಪಾಲು ಕಡಿಮೆ ಕರೆಂಟ್ ತಿನ್ನುತ್ತೆ. ಸಣ್ಣ ಸೋಲಾರ್ ಹಲಗೆ, ಎರಡು ಸೆಲ್ ಜೊತೆ ಅದನ್ನು ಗೌಡರ ಇನ್ನೊಂದು ತೋಟದ ನೆತ್ತಿಯ ಸಿಲ್ವರ್ ಓಕ್ ಮರಕ್ಕೆ ಕಟ್ಟಬೇಕು, ಮಳೆ ಶುರುವಾಗುವ ಮೊದಲು.