ಗುನ್ಹಾ ಕಬೂಲಾದ ಮೇಲೂ ಅಪೀಲು

ಇದು 2023ರ ಮಾತು. ಕಲಬುರಗಿ ಕಡೆಯ ಒಬ್ಬ ತಾಯಿ ಪುಣೆಯ ನನ್ನ ವಕೀಲಿ ಆಫೀಸಿಗೆ ಬಂದಿದ್ದರು. "ಒಪ್ಕೊಂಡ್ರ ಬಿಡ್ತಾರಂತ ಯಾರೋ ಹೇಳಿದ್ರಂತ್ರೀ. ಈಗ ನೋಡಿದ್ರ ನಾಲ್ಕು ವರ್ಷ ಅಂತಾರಲ್ರಿ ಸಾಹೇಬ್ರ."

ಮಗ ಸೆಂಟ್ರಿಂಗ್ ಕೆಲಸದವನು. ನಾಲ್ಕು ಮೊಬೈಲ್ ಕಳ್ಳತನದ ಕೇಸು. ನಾಲ್ಕರಲ್ಲೂ ಗುನ್ಹಾ ಕಬೂಲ್ ಮಾಡಿದ್ದ. ಬೇರೆ ಬೇರೆ ದಿನ ತೀರ್ಪು, ಒಂದೊಂದಕ್ಕೂ ಒಂದು ವರ್ಷ. ಶಿಕ್ಷೆಗಳು ಒಟ್ಟಿಗೆ ನಡೆಯಬೇಕೋ ಬೇಡವೋ ಅಂತ ಎಲ್ಲೂ ಬರೆದಿರಲಿಲ್ಲ. ಕೋರ್ಟು ಬರೆಯದಿದ್ದರೆ, ಆಗಿನ ಕ್ರಿಮಿನಲ್ ವಿಚಾರಣೆಯ ಕಾಯ್ದೆಯಾದ ಸಿಆರ್‌ಪಿಸಿ 427ರ ಪ್ರಕಾರ ಒಂದು ಮುಗಿದ ಮೇಲೆ ಇನ್ನೊಂದು.

ತಪ್ಪೊಪ್ಪಿಗೆಯನ್ನೇ ಪ್ರಶ್ನಿಸೋಣ ಅಂದರು ನನ್ನ ಜೂನಿಯರ್. ಹುಡುಗನಿಗೆ ಮರಾಠಿ ಸರಿಯಾಗಿ ಬರಲ್ಲ, ಅಲ್ವಾ? ನಾನು ಬೇಡ ಅಂದೆ. ಗೆದ್ದರೆ ವಿಚಾರಣೆ ಮತ್ತೆ ಮೊದಲಿನಿಂದ, ಅಷ್ಟು ದಿನ ಅವನು ಒಳಗೇ. ಕಬೂಲ್ ಮಾಡಿದವನಿಗೆ 375ನೇ ಕಲಂ ಅಪೀಲಿನ ಬಾಗಿಲು ಮುಚ್ಚುತ್ತದೆ ನಿಜ. ಆದರೆ ಶಿಕ್ಷೆಯ ಪ್ರಮಾಣ, ಅದು ಕಾನೂನಿಗೆ ಸರಿಯೇ ಎಂಬ ಎರಡು ಕಿಟಕಿ ತೆರೆದೇ ಇರುತ್ತವೆ. ನಮಗೆ ಅಷ್ಟೇ ಸಾಕಿತ್ತು.

ಇಲ್ಲಿ ನಾನೇ ಎಡವುತ್ತಿದ್ದೆ. ಮೊದಲ ತೀರ್ಪಿನ ಮೇಲೆ ಅಪೀಲು ಟೈಪ್ ಮಾಡಿಸಿಬಿಟ್ಟಿದ್ದೆ. ಕೋರ್ಟಿನ ದಿನದಿನದ ದಾಖಲೆಯಾದ ರೋಜನಾಮಾ ಓದುತ್ತಾ ಕೂತಾಗ ಹೊಳೆಯಿತು: ಮೊದಲ ಶಿಕ್ಷೆ ಕೊಟ್ಟಾಗ ಒಟ್ಟಿಗೆ ನಡೆಸಲು ಬೇರೆ ಶಿಕ್ಷೆಯೇ ಇರಲಿಲ್ಲ! ಒಟ್ಟಿಗೆ ಎಂಬ ಮಾತು ಬರಬೇಕಾದದ್ದು ನಂತರದ ಮೂರು ತೀರ್ಪುಗಳಲ್ಲಿ. ಹಾಗಾಗಿ ಮೂರು ಅಪೀಲು, ಮೂರು ವಕಾಲತ್‌ನಾಮಾ. ಸೆಷನ್ಸ್ ಕೋರ್ಟಿಗೆ ಇರುವ 30 ದಿನ ಕಳೆದುಹೋಗಿತ್ತು. ವಿಳಂಬ ಮಾಫಿಗೂ ಮೂರು ಅರ್ಜಿ.

ವಾದಕ್ಕೆ ನಿಂತಾಗ ಸರ್ಕಾರಿ ವಕೀಲರು ಬಲವಾದ ಮಾತೇ ಹಿಡಿದರು. ಬೇರೆ ಮಾಲೀಕರು, ಬೇರೆ ದಿನಗಳು; ಎಲ್ಲ ಸೇರಿ ಒಂದೇ ಘಟನೆ ಅನ್ನಲಾಗದು, ಹಾಗಾಗಿ ಶಿಕ್ಷೆ ಒಟ್ಟಿಗೆ ಬೇಡ ಅಂತ. ಅದನ್ನು ಸುಮ್ನೆ ಎಳೆದಾಡಲಿಲ್ಲ, ಒಪ್ಪಿಕೊಂಡೆ. ಬದಲಿಗೆ ಇಕ್ರಾಂ ಪ್ರಕರಣ ಮುಂದಿಟ್ಟೆ. ಉತ್ತರ ಪ್ರದೇಶದ ಆತ ವಿದ್ಯುತ್ ಕಾಯ್ದೆಯ ಒಂಬತ್ತು ಕೇಸುಗಳಲ್ಲಿ, ತಪ್ಪೊಪ್ಪಿ ಶಿಕ್ಷೆ ಕಡಿಮೆ ಮಾಡಿಸಿಕೊಳ್ಳುವ ಪ್ಲೀ ಬಾರ್ಗೇನಿಂಗ್‌ಗೆ ಒಪ್ಪಿದ್ದ. ತಲಾ ಎರಡು ವರ್ಷ, ಲೆಕ್ಕ ಹಾಕಿದರೆ 18. ಸುಪ್ರೀಂ ಕೋರ್ಟು 2022ರ ಡಿಸೆಂಬರಿನಲ್ಲಿ ಎಲ್ಲವನ್ನೂ ಒಟ್ಟಿಗೆ ನಡೆಸಲು ಹೇಳಿತು. ಜೊತೆಗೆ ಹುಡುಗನ ವಯಸ್ಸು, ಫೋನುಗಳು ಮಾಲೀಕರಿಗೆ ವಾಪಸ್ ಸಿಕ್ಕಿದ್ದು ಹೇಳಿದೆ. ನನ್ನ ಪ್ರಕಾರ ಕೆಲಸ ಮಾಡಿದ್ದು ಇದೇ ಜಾಸ್ತಿ.

ಪೂರ್ತಿ ಗೆಲ್ಲಲಿಲ್ಲ. ಎರಡನೆಯದು ಹಾಗೇ ಉಳಿಯಿತು, ಕೊನೆಯ ಎರಡು ಅದರ ಜೊತೆಗೇ ನಡೆಯಬೇಕು ಅಂತ ಆದೇಶವಾಯಿತು. ನಾಲ್ಕು ವರ್ಷ ಎರಡಾಯಿತು.

ಈಗ 427ರ ಜಾಗದಲ್ಲಿ ಹೊಸ ಕಾಯ್ದೆ ಬಿಎನ್‌ಎಸ್‌ಎಸ್ 467 ಇದೆ, 375ರ ಜಾಗದಲ್ಲಿ 416. ಆದೇಶದ ಸರ್ಟಿಫೈಡ್ ಕಾಪಿ ನಾನೇ ಜೈಲಿಗೆ ಒಯ್ದು ಕೊಟ್ಟೆ. ತಾಯಿ ಹೊರಗೆ ಕಾಯುತ್ತಿದ್ದರು. ವರ್ಷದ ಲೆಕ್ಕ ಅವರಿಗೆ ಬೇಡ, ತಾರೀಖು ಬೇಕಿತ್ತು.