ಮದುವೆ ಮನೆಯಿಂದ ಕಾರ್ಖಾನೆಗೆ: ವಿಡಿಯೊ ಕೆಲಸದ ದಾರಿ

ನಾನು ಈ ಕಸುಬಿಗೆ ಬಂದದ್ದು ಬೇರೆಯವರು ತೆಗೆದ ಮದುವೆ ಫುಟೇಜ್ ಎಡಿಟ್ ಮಾಡುತ್ತ. ಈಗ ಹೆಚ್ಚಿನ ಕೆಲಸ ಬೆಂಗಳೂರಿನ ಪೀಣ್ಯದ ಕಡೆಯ ಕಾರ್ಖಾನೆಗಳದ್ದು: ಯಂತ್ರದ ಪರಿಚಯ, ಕೆಲಸಗಾರರ ತರಬೇತಿ, ಮಾಲೀಕರ ಸಂದರ್ಶನ. ಹೊಸಬರಿಗೂ ಎಡಿಟಿಂಗಿನಿಂದಲೇ ಶುರು ಮಾಡಿ ಎನ್ನುತ್ತೇನೆ. ಯಾವ ಶಾಟ್ ಇಲ್ಲದಿದ್ದರೆ ಪೇಚಿಗೆ ಸಿಕ್ಕಿಕೊಳ್ಳುತ್ತೇವೆ ಎಂಬುದು ಎಡಿಟಿಂಗಿನ ಟೈಮ್‌ಲೈನ್ (ಶಾಟ್‌ಗಳನ್ನು ಸಾಲಾಗಿ ಜೋಡಿಸುವ ಪಟ್ಟಿ) ಮುಂದೆ ಕೂತಾಗಲೇ ತಿಳಿಯುವುದು. ಒಂದು ನಿಮಿಷದ ಮಾತಿಗೆ ನನಗೆ ಎಂಟು ಹತ್ತು ಬಿಡಿ ಶಾಟ್ ಬೇಕು: ಕೈ, ಮೀಟರ್, ಬೆಲ್ಟ್, ಮುಖ. ಒಂದೊಂದನ್ನೂ ಕ್ಯಾಮೆರಾ ಅಲುಗದಂತೆ 10 ಸೆಕೆಂಡ್ ಹಿಡಿಯುತ್ತೇನೆ.

ಮದುವೆ ಕಲಿಸುವ ಶಿಸ್ತು ಬೇರೆ. ಮಾಂಗಲ್ಯಧಾರಣೆಗೆ ರೀಟೇಕ್ ಇಲ್ಲ. ಗಟ್ಟಿಮೇಳಕ್ಕೆ ಮುಂಚೆಯೇ ಹೊಸ ಬ್ಯಾಟರಿ, ಖಾಲಿ ಕಾರ್ಡ್, ಇಡೀ ಮಂಟಪ ಕಾಣುವ ವೈಡ್‌ನಲ್ಲಿ ಎರಡನೇ ಕ್ಯಾಮೆರಾ. ಫೌಂಡ್ರಿಯಲ್ಲಿ ಎರಕ ಹೊಯ್ಯುವಾಗಲೂ ಇದೇ ಲೆಕ್ಕ. ನಮಗಾಗಿ ಕುಲುಮೆ ಕಾಯುವುದಿಲ್ಲ.

ಆದರೆ ಮದುವೆ ವಿಡಿಯೊ ಧ್ವನಿಯ ಹುಳುಕನ್ನು ಮುಚ್ಚಿಬಿಡುತ್ತದೆ. ಮೇಲೊಂದು ಹಾಡು ಹಾಕಿದರೆ ಮುಗಿಯಿತು. ಸಂದರ್ಶನದಲ್ಲಿ ಹಾಗಾಗದು. ಕಾಲರ್ ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ರೇಷ್ಮೆ ಸೆರಗು, ಗಂಜಿ ಹಾಕಿದ ಅಂಗಿ ಉಜ್ಜಿದರೆ ಆ ಸರಸರ ಶಬ್ದ ಎಡಿಟಿಂಗಿನಲ್ಲಿ ಹೋಗುವುದಿಲ್ಲ. ಮಾತಿನ ಏರು ರೆಕಾರ್ಡಿಂಗ್ ಮೀಟರಿನಲ್ಲಿ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿರಲಿ, ಅದೇ ಮಾತು ಹಿಡಿಯುವ ಎರಡನೇ ಚಾನೆಲ್ ಅದಕ್ಕಿಂತ 10 ಡೆಸಿಬಲ್ ಕಡಿಮೆ ಇರಲಿ. ಮಾಲೀಕರು ನಗುವಾಗ ಮೊದಲನೆಯದು ಸೀಳುತ್ತದೆ, ಎರಡನೆಯದು ಉಳಿಸುತ್ತದೆ. 2.4 ಗಿಗಾಹರ್ಟ್ಸ್ ವೈರ್‌ಲೆಸ್ ಮೈಕು ವೈಫೈ ದಟ್ಟಣೆಯಲ್ಲಿ, ಲೋಹದ ಯಂತ್ರಗಳ ನಡುವೆ ಕಡಿದು ಕಡಿದು ಬರುತ್ತದೆ. ಆದ್ದರಿಂದ ಮಾತಾಡುವವರ ಮೈಮೇಲಿರುವ ಟ್ರಾನ್ಸ್‌ಮಿಟರಿನೊಳಗೇ ರೆಕಾರ್ಡ್ ಆಗುವಂಥದ್ದನ್ನೇ ಕೊಳ್ಳಿ. ಮಾತು ಮುಗಿದ ಮೇಲೆ ಎಲ್ಲರನ್ನೂ ಸುಮ್ಮನಿರಿಸಿ 30 ಸೆಕೆಂಡ್ ಬರಿಯ ಕೋಣೆಯ ಸದ್ದು ಹಿಡಿಯಿರಿ. ಮಾತು ಕತ್ತರಿಸಿದ ಜಾಗ ತುಂಬಲು ಅದು ಬೇಕು.

ಬೆಳಕಿನದು ಚಿಕ್ಕ ಪಾಠ. ನಮ್ಮ ವಿದ್ಯುತ್ 50 ಹರ್ಟ್ಸ್, ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಸೆಕೆಂಡಿಗೆ 25 ಫ್ರೇಮ್ ತೆಗೆಯುವಾಗ ಶಟರ್ 1/50 ಸೆಕೆಂಡ್ ಇಟ್ಟರೆ ಚಿತ್ರದ ಮೇಲೆ ಮಿನುಗಿನ ಪಟ್ಟಿ ಓಡುವುದಿಲ್ಲ. ಅಮೆರಿಕದ ಗಿರಾಕಿಗೆಂದು 30 ಫ್ರೇಮ್ ಕೇಳಿದರೂ ಶಟರ್ 1/50 ಅಥವಾ 1/100ರಲ್ಲೇ ಇರಲಿ. 1/60ಕ್ಕೆ ಹೋದರೆ ಕೆಟ್ಟಿತು.

4ಕೆ ವಿಡಿಯೊ 100 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 100 ಮೆಗಾಬಿಟ್) ತೆಗೆದರೆ ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ ಮೂರು ಗಂಟೆ ಓಡಿದರೆ 270. ಎರಡು ಡ್ರೈವಿಗೆ ಕಾಪಿ ಮಾಡಿ, ಎರಡರಲ್ಲೂ ಫೈಲ್ ತೆರೆದು ನೋಡುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡುವಂತಿಲ್ಲ. ಕಟ್-ಪೇಸ್ಟ್ ಅಂತೂ ಬೇಡವೇ ಬೇಡ.

ದುಡ್ಡಿನ ವಿಷಯ. ಮದುವೆಯವರು ಕೈಗೆ ಕೊಡುತ್ತಾರೆ, ಕಂಪನಿಯವರು ತಿಂಗಳೆರಡು ತಿಂಗಳು ಎಳೆಯುತ್ತಾರೆ. ಸಾಮಾನ್ಯವಾಗಿ ಶೇ 10 ಟಿಡಿಎಸ್ (ಮುಂಚಿತವಾಗಿ ಹಿಡಿಯುವ ಆದಾಯ ತೆರಿಗೆ) ಮುರಿದೇ ಕೊಡುತ್ತಾರೆ. ಅದಕ್ಕೇ ಅರ್ಧ ಮುಂಗಡ, ಮೊದಲ ಕಟ್‌ಗೆ (ಎಡಿಟ್ ಮಾಡಿದ ಮೊದಲ ರೂಪಕ್ಕೆ) ಶೇ 30, ಫೈನಲ್ ಫೈಲಿಗೆ ಮುಂಚೆ ಉಳಿದದ್ದು ಎಂದು ಕೊಟೇಶನ್ನಿನಲ್ಲೇ ಬರೆಯುತ್ತೇನೆ. ತಿದ್ದುಪಡಿ ಎರಡು ಸುತ್ತು. ಮೂರನೆಯದಕ್ಕೆ ದರ ಬೇರೆ. ‘ಒಂದು ಸಣ್ಣ ಚೇಂಜ್ ಸಾರ್’ ಎಂಬುದು ಹೆಚ್ಚಾಗಿ ವಾಯ್ಸ್‌ಓವರನ್ನೇ ಮತ್ತೆ ಮಾಡಿಸುವಷ್ಟು ದೊಡ್ಡದಿರುತ್ತದೆ.

ಮದುವೆ ಪೂರ್ತಿ ಬಿಡುವ ಅವಸರ ಬೇಡ. ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಹೇಗೂ ಮುಹೂರ್ತವಿಲ್ಲ. ಕಂಪನಿಗಳ ಬಾಗಿಲು ತಟ್ಟಲು ಅದೇ ಸಮಯ. ಕೈಯಲ್ಲಿ ನಿಮ್ಮ ಕೆಲಸದ ತುಣುಕುಗಳನ್ನು ಜೋಡಿಸಿದ 60 ಸೆಕೆಂಡಿನ ಶೋರೀಲ್ ಇರಲಿ, ಅದರಲ್ಲಿ ಮದುವೆಯ ಒಂದು ಫ್ರೇಮೂ ಬೇಡ.