ಚಾಕು ಬೀಳಿಸಿ ಕಲಿತ ಹಾಡು

'ದಿಸ್ ಚಾರ್ಮಿಂಗ್ ಮ್ಯಾನ್' ಹಾಡನ್ನು ಒಂದೇ ಗಿಟಾರಿನಲ್ಲಿ ಮುಗಿಸುತ್ತೇನೆಂದು ಹೊರಟವರಿಗೆ ಎರಡು ಕೈ ಸಾಲುವುದಿಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ರಾಕ್ ತಂಡ 'ದಿ ಸ್ಮಿತ್ಸ್'ನ ಈ ಎರಡನೆಯ ಸಿಂಗಲ್ 1983ರ ಅಕ್ಟೋಬರ್‌ನಲ್ಲಿ ಬಂತು. ಅದರಲ್ಲಿ ಒಂದರ ಮೇಲೊಂದು ಧ್ವನಿಮುದ್ರಿಸಿದ ಸುಮಾರು ಹದಿನೈದು ಗಿಟಾರ್ ಪದರಗಳಿವೆ ಎಂದು ತಂಡದ ಗಿಟಾರ್ ವಾದಕ ಜಾನಿ ಮಾರ್ ಸ್ವತಃ ಹೇಳಿದ್ದಾರೆ. ಹಾಡು ಕಟ್ಟಿದಾಗ ಅವರಿಗೆ 19 ವರ್ಷ!

ನಾನು ಮೊದಲು ಕೈಹಾಕಿದ್ದು ಆರಂಭದ ಎಳೆಗೆ. ಗಿಟಾರ್ ಕುತ್ತಿಗೆಯ ಎರಡನೇ ಫ್ರೆಟ್‌ಗೆ (ಲೋಹದ ಪಟ್ಟಿಗೆ) ಕೇಪೋ, ಅಂದರೆ ತಂತಿಗಳನ್ನೆಲ್ಲ ಒತ್ತಿ ಶ್ರುತಿ ಏರಿಸುವ ಕ್ಲಿಪ್ಪು, ಬಿಗಿದು, ಜಿ ಕಾರ್ಡಿನ (ಒಟ್ಟಿಗೆ ನುಡಿಸುವ ಸ್ವರಗುಚ್ಛದ) ಆಕಾರದಲ್ಲಿ ಬೆರಳಿಟ್ಟರೆ ಹಾಡಿನ ಎ ಶ್ರುತಿ ಸಿಗುತ್ತದೆ. ಕಷ್ಟವಿರುವುದು ವೇಗದಲ್ಲಲ್ಲ. ಕೆಲವು ಸ್ವರಗಳನ್ನು ಪಿಕ್ ಎಂಬ ಪುಟ್ಟ ಬಿಲ್ಲೆಯಿಂದ ಮೀಟಬಾರದು. ಮೀಟಿದ ತಂತಿ ಇನ್ನೂ ಮಿಡಿಯುತ್ತಿರುವಾಗಲೇ ಎಡಗೈ ಬೆರಳನ್ನು ಬಡಿದು ಹೊರಡಿಸಬೇಕು. ಎಲ್ಲವನ್ನೂ ಮೀಟಿದರೆ ಹೊಲಿಗೆ ಯಂತ್ರದ ಸದ್ದಾಗುತ್ತದೆ. ಹಾಡಿನ ವೇಗವನ್ನು ಅರ್ಧಕ್ಕಿಳಿಸಿ, ಬಲಗೈ ಸುಮ್ಮನಿರಲು ಕಲಿಯುವವರೆಗೂ ಅಷ್ಟನ್ನೇ ನುಡಿಸಿದೆ. ಸದ್ದನ್ನು ಒರಟಾಗಿಸುವ ಡಿಸ್ಟಾರ್ಶನ್ ಹಾಕಿ ಇದನ್ನು ನುಡಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ. ಸ್ವಚ್ಛ ಸದ್ದು, ಹೊಸ ತಂತಿ, ಸದ್ದಿನ ಏರಿಳಿತ ತಗ್ಗಿಸುವ ಕಂಪ್ರೆಸರ್ ಸ್ವಲ್ಪ, ಇಷ್ಟು ಸಾಕು.

ನಂತರ ಮನೆಯಲ್ಲೇ ಪದರ ಪದರವಾಗಿ ಧ್ವನಿಮುದ್ರಿಸಿದೆ. ಅಕೂಸ್ಟಿಕ್ ಗಿಟಾರನ್ನು ಕೇಳಿಯೂ ಕೇಳದಷ್ಟು ಕೆಳಗಿಟ್ಟೆ. ತೆಗೆದರೆ ಹಾಡು ಬಡವಾಗುತ್ತದೆ, ಏರಿಸಿದರೆ ಗದ್ದಲವಾಗುತ್ತದೆ. ಮಾರ್ ತಮ್ಮ ಟೆಲಿಕಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರನ್ನು ಆಂಪ್ಲಿಫೈಯರ್ ಮೇಲೆ ಮಲಗಿಸಿ, ತಂತಿಗಳನ್ನು ಒಂದು ಕಾರ್ಡಿಗೆ ಶ್ರುತಿಮಾಡಿ, ಲೋಹದ ಹಿಡಿಯ ಚಾಕುವನ್ನು ಅವುಗಳ ಮೇಲೆ ಬೀಳಿಸುತ್ತಿದ್ದರಂತೆ. ನಾನೂ ಅಡುಗೆಮನೆಯಿಂದ ಸ್ಟೀಲ್ ಚಾಕು ತಂದೆ. "ಗಿಟಾರಿಗೂ ಒಗ್ಗರಣೆಯೇನೋ?" ಎಂದರು ಅಮ್ಮ. ಸದ್ದನ್ನು ಏರಿಳಿಸುವ ಟ್ರೆಮೊಲೊ ಹಾಕಿದಾಗ ಆ ಠಣತ್ಕಾರ ಅಲೆಯಲೆಯಾಗಿ ನಡುಗಿತು. ಬೇರೆಲ್ಲ ಪದರಗಳ ಅಡಿಯಲ್ಲಿ ಅದನ್ನು ಹೂತಿಟ್ಟ ಮೇಲೆ ಚಾಕುವಿನ ಸದ್ದೆಂದು ಯಾರೂ ಗುರುತಿಸಲಾರರು.

ವೇದಿಕೆಗೆ ಮಾತ್ರ ಬೇರೆ ಲೆಕ್ಕ. 1983ರಲ್ಲಿ ತಂಡದಲ್ಲಿದ್ದದ್ದು ಮಾರ್ ಒಬ್ಬರದೇ ಗಿಟಾರ್. ಕುಣಿಸುವ ಕೆಲಸದ ಬಹುಪಾಲನ್ನು ಆಂಡಿ ರೂರ್ಕ್ ಅವರ ಬೇಸ್ (ಮಂದ್ರ ಸ್ವರಗಳ ಗಿಟಾರ್) ಹೊತ್ತಿತ್ತು. ಹಾಗಾಗಿ ಗೆಳೆಯರೊಂದಿಗೆ ನುಡಿಸುವಾಗ ಆರಂಭದ ಎಳೆ ಮತ್ತು ಕಾರ್ಡುಗಳ ತೆಳುವಾದ ಮೂರು ತಂತಿಗಳನ್ನಷ್ಟೇ ಉಳಿಸಿಕೊಳ್ಳುತ್ತೇನೆ. ಮಂದ್ರ ಸ್ವರಗಳಿಗೆ ಕೈಹಾಕಿದರೆ ನಮ್ಮ ಬೇಸ್ ವಾದಕ ಕಣ್ಣು ಕೆಂಪಗೆ ಮಾಡುತ್ತಾನೆ.